ಫ್ಲಮೆಂಕೊ ಗಿಟಾರ್ ಅಭ್ಯಾಸಕ್ಕೆ ಎಂಥ ಮೆಟ್ರೊನೋಮ್ ಬೇಕು?

ಸ್ಪೇನ್ ದೇಶದ ಫ್ಲಮೆಂಕೊ ಸಂಗೀತದ ಗಿಟಾರ್ ಶುರು ಮಾಡಿದ ಮೂರ್ನಾಲ್ಕು ತಿಂಗಳಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಯಾವ ಮೆಟ್ರೊನೋಮ್ ತಗೊಳ್ಳಲಿ?" ಜೊತೆಗೆ ಎರಡು ಮೂರು ಬ್ರ್ಯಾಂಡಿನ ಹೆಸರೂ ಬರುತ್ತವೆ. (ಮೆಟ್ರೊನೋಮ್ ಅಂದರೆ ಹೊಂದಿಸಿದ ವೇಗದಲ್ಲಿ ಟಿಕ್ ಟಿಕ್ ಅನ್ನುತ್ತಾ ತಾಳ ಹಿಡಿಯುವ ಸಾಧನ.) ನಾನು ತಿರುಗಿ ಕೇಳುವುದು ಇಷ್ಟು. ಅದು ಹನ್ನೆರಡರವರೆಗೆ ಎಣಿಸುತ್ತಾ? ನಿಮಗೆ ಬೇಕಾದ ಜಾಗದಲ್ಲಿ ಒತ್ತು ಕೊಡುತ್ತಾ? ಬೇಡ ಅಂದಾಗ ಸುಮ್ನಿರುತ್ತಾ? ಈ ಮೂರಕ್ಕೂ ಹೌದು ಅನ್ನುವ ಪುಕ್ಕಟೆ ಆಪ್, ಇಲ್ಲ ಅನ್ನುವ ದುಬಾರಿ ಯಂತ್ರಕ್ಕಿಂತ ಎಷ್ಟೋ ಮೇಲು.

ಮೊದಲು ನಾಲ್ಕು ಪದ ತಿಳಿದುಕೊಂಡುಬಿಡೋಣ. ಫ್ಲಮೆಂಕೊದಲ್ಲಿ ತಾಳದ ಆವರ್ತಕ್ಕೆ 'ಕೊಂಪಾಸ್' ಅನ್ನುತ್ತಾರೆ. ತಾಳ, ಸ್ವರ, ಭಾವ ಎಲ್ಲ ಸೇರಿ ಆಗುವ ಒಂದೊಂದು ಪ್ರಕಾರಕ್ಕೆ 'ಪಾಲೋ' ಎಂದು ಹೆಸರು. ಸೊಲೆಯಾ, ಬುಲೆರಿಯಾ, ತಾಂಗೋಸ್ ಇವೆಲ್ಲ ಪಾಲೋಗಳು. ಕೈ ಚಪ್ಪಾಳೆಯ ಪಕ್ಕವಾದ್ಯ 'ಪಾಲ್ಮಾಸ್'. ಗಿಟಾರಿನ ಮೈಮೇಲೆ ಬೆರಳಿನಿಂದ ಕುಟ್ಟುವುದು 'ಗೋಲ್ಪೆ'. ಉಳಿದದ್ದು ಬಂದಾಗ ಹೇಳುತ್ತೇನೆ.

1. ನೀವು ಕಲಿಯುತ್ತಿರುವ ಪಾಲೋ ಯಾವುದು ನೋಡಿ

ಮೆಟ್ರೊನೋಮಿನ ಆಯ್ಕೆ ಶುರುವಾಗುವುದು ಇಲ್ಲಿಂದ, ಅಂಗಡಿಯಿಂದಲ್ಲ.

ತಾಂಗೋಸ್, ರುಂಬಾ ಇವು ನಾಲ್ಕು ಎಣಿಕೆಯವು. ಸೆವಿಯಾನಾಸ್ ಮೂರು ಮೂರರ ಲೆಕ್ಕದ್ದು. ನೀವು ಇಷ್ಟನ್ನೇ ನುಡಿಸುವವರಾದರೆ ಮನೆಯಲ್ಲಿರುವ ಯಾವ ಮೆಟ್ರೊನೋಮ್ ಆದರೂ ಸಾಕು.

ಕಷ್ಟ ಶುರುವಾಗುವುದು ಹನ್ನೆರಡು ಎಣಿಕೆಯ ಪಾಲೋಗಳಲ್ಲಿ. ಸೊಲೆಯಾ, ಕಾದಿಸ್ ಊರಿನ ಅಲೆಗ್ರಿಯಾಸ್, ಹೆರೆಸ್ ಊರು ತನ್ನದೆಂದು ಮೆರೆಯುವ ಬುಲೆರಿಯಾ, ಎದೆ ಕಲಕುವ ಸೆಗಿರಿಯಾ, ಎಲ್ಲವೂ ಈ ಗುಂಪಿನವೇ. ಇಲ್ಲಿ ಒತ್ತು ಸಮನಾದ ದೂರದಲ್ಲಿ ಬೀಳುವುದಿಲ್ಲ. 3, 6, 8, 10, 12 ಈ ಎಣಿಕೆಗಳ ಮೇಲೆ ಬೀಳುತ್ತದೆ. ಅಂದರೆ ಒಂದಿಷ್ಟು ದೂರ ಮೂರು ಮೂರು, ಆಮೇಲೆ ಎರಡು ಎರಡು.

ಇನ್ನೊಂದು ಗುಂಪಿದೆ. ತರಾಂತಾ, ಗ್ರಾನಾಯಿನಾ, ಮಲಗೇನ್ಯಾ ಥರದವು. ಇವು ಕೊಂಪಾಸ್ ಇಲ್ಲದೆ, ಆಲಾಪದ ಹಾಗೆ ಬಿಡುವಾಗಿ ಸಾಗುವ ಪಾಲೋಗಳು. ಇವಕ್ಕೆ ಮೆಟ್ರೊನೋಮ್ ಹಾಕಲೇಬೇಡಿ. ಬೆರಳಿನ ಸಾಧನೆಗೆ ಒಂದು ತುಣುಕನ್ನು ಕ್ಲಿಕ್ಕಿಗೆ ಕೂರಿಸಿ ನುಡಿಸಬಹುದು, ಅಷ್ಟೇ.

2. ಯಂತ್ರಕ್ಕಿಂತ ಮೊದಲು ಗಡಿಯಾರ

ಗೋಡೆ ಗಡಿಯಾರದ ಮುಖ ನೋಡಿ. ಅದರಲ್ಲಿ 12, 3, 6, 8, 10 ಈ ಐದು ಅಂಕಿಗಳ ಪಕ್ಕ ಬೆರಳಿಡಿ. ಹನ್ನೆರಡು ಎಣಿಕೆಯ ಮುಖ್ಯ ಪಾಲೋಗಳೆಲ್ಲ ಈ ಒಂದೇ ಚಕ್ರದಲ್ಲಿ ಕೂತಿವೆ. ಎಲ್ಲಿಂದ ಹತ್ತುತ್ತೀರಿ ಅನ್ನುವುದು ಮಾತ್ರ ಬೇರೆ. ಸೊಲೆಯಾವನ್ನು 1ರಿಂದ ಎಣಿಸುತ್ತಾರೆ. ಬುಲೆರಿಯಾವನ್ನು ಸಾಮಾನ್ಯವಾಗಿ 12ರಿಂದ. ಸೆಗಿರಿಯಾ 8ರಿಂದ ಹೊರಡುತ್ತದೆ.

ನಮ್ಮವರಿಗೆ ಇಲ್ಲಿ ಒಂದು ಅನುಕೂಲ ಇದೆ. ಮೃದಂಗದ ಪಾಠ ಕೇಳಿಸಿಕೊಂಡವರಿಗೆಲ್ಲ ತಕ, ತಕಿಟ ಗೊತ್ತು ಅಲ್ವಾ? 12ರಿಂದ ಶುರು ಮಾಡಿ ಹೇಳಿ:

ತಕಿಟ ತಕಿಟ ತಕ ತಕ ತಕ

ಇದು ಬುಲೆರಿಯಾದ ಒತ್ತು. ಈಗ 8ರಿಂದ:

ತಕ ತಕ ತಕಿಟ ತಕಿಟ ತಕ

ಇದು ಸೆಗಿರಿಯಾ. ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಚಪ್ಪಾಳೆ ಹಾಕಿ. ಐದು ಚಪ್ಪಾಳೆ ಆಯಿತು. ಸೆಗಿರಿಯಾದಲ್ಲಿ ಮೂರನೆಯದೂ ನಾಲ್ಕನೆಯದೂ ಎಳೆದು ಬರುತ್ತವೆ. ಅದಕ್ಕೇ ಅದನ್ನು ಹನ್ನೆರಡು ಅಂತ ಎಣಿಸದೆ, ಉದ್ದ ಗಿಡ್ಡದ ಐದು ಪೆಟ್ಟು ಅಂತಲೇ ಎಣಿಸುವವರು ಬಹಳ.

ವೇಗ ಹೆಚ್ಚಿದಾಗ ಕನ್ನಡದ ಅಂಕಿ ಎಣಿಸಬೇಡಿ. "ಹನ್ನೊಂದು ಹನ್ನೆರಡು" ಅನ್ನುವಷ್ಟರಲ್ಲಿ ಕೊಂಪಾಸ್ ಮುಂದೆ ಹೋಗಿರುತ್ತದೆ. ಸ್ಪೇನಿನವರಿಗೂ ಇದೇ ತೊಡಕು ಇತ್ತು ಅಂತ ಕಾಣುತ್ತೆ. ಅವರು ಹತ್ತು ಆದ ಮೇಲೆ ಹನ್ನೊಂದು ಹನ್ನೆರಡು ಅನ್ನದೆ "ಉನ್ ದೋಸ್", ಅಂದರೆ ಒಂದು ಎರಡು ಅಂತಲೇ ಎಣಿಸಿಬಿಡುತ್ತಾರೆ.

ಸಂಗೀತದ ಪಾಠ ಆದವರಿಗೆ ಒಂದು ಎಚ್ಚರಿಕೆ. ನಮಗೆ ಸಮದ ಮೇಲೆ, ಅಂದರೆ ಆವರ್ತದ ಮೊದಲ ಪೆಟ್ಟಿನ ಮೇಲೆ, ಬಲವಾಗಿ ಬೀಳುವ ಅಭ್ಯಾಸ. ಸೊಲೆಯಾದಲ್ಲಿ 1 ಹಗುರ. ಮಾತು ಮುಗಿಯುವುದು 10ರ ಮೇಲೆ. 11, 12 ಉಸಿರು ಬಿಡುವ ಜಾಗ. 1ನ್ನು ಸಮ ಅಂದುಕೊಂಡು ಗುದ್ದಿದರೆ ಸೊಲೆಯಾ ಬೇರೆ ಏನೋ ಆಗಿ ಕೇಳಿಸುತ್ತದೆ. ಹಾಗೇ, ಹಿಂದೂಸ್ತಾನಿ ಏಕತಾಳಕ್ಕೂ 12 ಮಾತ್ರೆ ಇದೆಯಲ್ಲ, ತಬಲಾ ಆಪ್‌ನಲ್ಲಿ ಅದನ್ನೇ ಹಾಕಿಕೊಳ್ಳಲಾ ಅಂತ ಕೇಳುತ್ತಾರೆ. ಬೇಡ. ಅಲ್ಲಿನ ವಿಭಾಗಗಳೆಲ್ಲ ಎರಡೆರಡು ಮಾತ್ರೆಯವು, ಮೂರರ ತುಂಡೇ ಇಲ್ಲ. ಕಿವಿ ತಪ್ಪು ಕಲಿತುಬಿಡುತ್ತದೆ.

ಬಾಯಲ್ಲಿ ಹೇಳಿ ಕೈಯಲ್ಲಿ ಚಪ್ಪಾಳೆ ಹಾಕುವುದು ತಪ್ಪಿಲ್ಲದೆ ಎರಡು ನಿಮಿಷ ನಡೆದರೆ ಮುಂದಿನ ಹಂತಕ್ಕೆ ಹೋಗಿ.

3. ಸಿಗುವ ಬಗೆಗಳು ಯಾವುವು

ಕೀಲಿ ಕೊಡುವ ಲೋಲಕದ ಮೆಟ್ರೊನೋಮ್: ಮರದ ಗೋಪುರದ ಥರ ಇರುತ್ತದೆ, ನೋಡಲು ಬಹಳ ಚಂದ. 1815ರಲ್ಲಿ ಮೆಲ್ಜೆಲ್ ಪೇಟೆಂಟ್ ಪಡೆದ ಮಾದರಿ ಇದು. ಗಂಟೆ ಇರುವ ಮಾದರಿಗಳಲ್ಲಿ ಅದು ಸಾಮಾನ್ಯವಾಗಿ 2, 3, 4 ಅಥವಾ 6 ಪೆಟ್ಟಿಗೊಮ್ಮೆ ಬಾರಿಸುತ್ತದೆ. ಮೂರೂ ಎರಡೂ ಬೆರೆತ ಲೆಕ್ಕ ಅದಕ್ಕೆ ಬರುವುದಿಲ್ಲ. ವೇಗವೂ ನಿಮಿಷಕ್ಕೆ 208 ಪೆಟ್ಟಿಗೆ ನಿಲ್ಲುತ್ತದೆ. ಬುಲೆರಿಯಾ ಅದನ್ನು ಸುಲಭವಾಗಿ ದಾಟಿ ಹೋಗುತ್ತದೆ. ಫ್ಲಮೆಂಕೊಗೆಂದೇ ಇದನ್ನು ಕೊಳ್ಳಬೇಡಿ.

ಜೇಬಿನಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಮೆಟ್ರೊನೋಮ್: ಗಟ್ಟಿಮುಟ್ಟು, ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಆದರೆ ಅಗ್ಗದವುಗಳಲ್ಲಿ ಆವರ್ತದ ಉದ್ದ ಹನ್ನೆರಡಕ್ಕೆ ಮುಟ್ಟದೇ ಇರಬಹುದು. ನಾನೂ ಮೊದಲು ಅಂಥದ್ದೇ ಒಂದನ್ನು ಪೆಟ್ಟಿಗೆಯ ಮೇಲಿನ ಬರಹ ಓದದೆ ತಂದಿದ್ದೆ. ಅದು ಒಂಬತ್ತಕ್ಕೇ ನಿಂತಿತು. ಕೊಳ್ಳುವ ಮೊದಲು ಗುಂಡಿ ಒತ್ತಿ 12ರವರೆಗೆ ಹೋಗುತ್ತಾ ನೋಡಿ. ಹೋದರೂ ಒಂದನೇ ಪೆಟ್ಟಿಗೆ ಮಾತ್ರ ಒತ್ತು ಕೊಡುವಂಥದ್ದಾದರೆ ಅರ್ಧ ಉಪಯೋಗ ಅಷ್ಟೇ.

ಫೋನಿನ ಆಪ್: ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಇದರಲ್ಲೂ ಎರಡು ಥರ. ಒಂದು, ಪ್ರತಿ ಪೆಟ್ಟನ್ನೂ ಬೇಕಾದ ಹಾಗೆ ಹೊಂದಿಸಬಹುದಾದ ಸಾಮಾನ್ಯ ಮೆಟ್ರೊನೋಮ್. ಇನ್ನೊಂದು, ಫ್ಲಮೆಂಕೊಗೆಂದೇ ಮಾಡಿದ್ದು. ಪಾಲೋ ಆರಿಸಿದರೆ ಸಾಕು, ಪಾಲ್ಮಾಸ್ ಮತ್ತು ಕಹೋನ್ ಸದ್ದಿನಲ್ಲಿ ಕೊಂಪಾಸ್ ನುಡಿಯುತ್ತದೆ. (ಕಹೋನ್ ಅಂದರೆ ಕೂತು ಬಾರಿಸುವ ಮರದ ಪೆಟ್ಟಿಗೆ. ಮೂಲ ಪೆರು ದೇಶದ್ದು. 1970ರ ದಶಕದ ಕೊನೆಯಲ್ಲಿ ಗಿಟಾರ್ ವಾದಕ ಪಾಕೊ ದೆ ಲುಸಿಯಾ ಅದನ್ನು ಫ್ಲಮೆಂಕೊಗೆ ತಂದರು.)

ಧ್ವನಿಮುದ್ರಿತ ಪಾಲ್ಮಾಸ್: ನಿಜವಾದ ಕಲಾವಿದರು ಬೇರೆ ಬೇರೆ ವೇಗದಲ್ಲಿ ಚಪ್ಪಾಳೆ ಹಾಕಿದ್ದು. ಕೇಳಲು ಇದರಷ್ಟು ಹಿತ ಇನ್ನೊಂದಿಲ್ಲ. ಆದರೆ ಇದು ಮೊದಲ ಮೆಟ್ಟಿಲಲ್ಲ. ಕಾರಣ ಕೊನೆಯ ಹಂತದಲ್ಲಿ ಹೇಳುತ್ತೇನೆ.

4. ಆಯ್ದುಕೊಳ್ಳುವ ಮೊದಲು ಐದು ನಿಮಿಷದ ಪರೀಕ್ಷೆ

ಆಪ್ ಆಗಲಿ, ಯಂತ್ರ ಆಗಲಿ, ಕೈಗೆ ತಗೊಂಡು ಇವನ್ನು ಮಾಡಿ ನೋಡಿ.

ಆವರ್ತವನ್ನು 12ಕ್ಕೆ ಇಡಿ. ಪ್ರತಿ ಪೆಟ್ಟಿಗೂ ಜೋರು, ಮೆಲ್ಲಗೆ, ಮೌನ ಈ ಮೂರರಲ್ಲಿ ಒಂದನ್ನು ಆರಿಸಲು ಬರಬೇಕು. ಮೌನ ಬಹಳ ಮುಖ್ಯ. ಅದಿಲ್ಲದಿದ್ದರೆ ಮುಂದೆ ಆರನೇ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಮೊದಲ ಪೆಟ್ಟಿನ ಒತ್ತನ್ನು ತೆಗೆಯಲು ಬರುತ್ತಾ ನೋಡಿ. ಕೆಲವು ಆಪ್‌ಗಳು ಒಂದನೇ ಪೆಟ್ಟನ್ನು ಜೋರಾಗಿಯೇ ಬಾರಿಸುತ್ತವೆ, ಬೇಡ ಅಂದರೂ ಕೇಳುವುದಿಲ್ಲ. ಅಂಥದ್ದೇ ನಿಮ್ಮ ಹತ್ತಿರ ಇದ್ದರೆ ಉಪಾಯ ಇದೆ. ಅದರ ಮೊದಲ ಪೆಟ್ಟನ್ನೇ 12 ಅಂತ ತಿಳಿಯಿರಿ. ಸೊಲೆಯಾ ನುಡಿಸುವಾಗ ಎರಡನೇ ಕ್ಲಿಕ್ಕಿನಿಂದ ಶುರು ಮಾಡಿ.

ಹನ್ನೆರಡು ಇಡಲು ಬಾರದ ಆಪ್ ಆದರೆ, ಬೇರೆ ಬೇರೆ ಉದ್ದದ ಆವರ್ತಗಳನ್ನು ಸಾಲಾಗಿ ಜೋಡಿಸಲು ಬರುತ್ತಾ ನೋಡಿ. 3, 3, 2, 2, 2 ಅಂತ ಜೋಡಿಸಿದರೆ ಅದೇ ಕೆಲಸ ಆಯಿತು.

ವೇಗ ಕಡಿಮೆ ಅಂದರೆ 40, ಹೆಚ್ಚು ಅಂದರೆ 240 ಮುಟ್ಟಬೇಕು.

ಇನ್ನು ಸದ್ದು. ಇದನ್ನು ಯಾರೂ ನೋಡುವುದೇ ಇಲ್ಲ. ಗಿಟಾರ್ ಕೈಗೆ ತಗೊಳ್ಳಿ. ಕ್ಲಿಕ್ ಹಾಕಿ, ಅದರ ಜೊತೆ ಜೋರಾಗಿ ರಾಸ್ಗೆಯಾದೊ ನುಡಿಸಿ. ರಾಸ್ಗೆಯಾದೊ ಅಂದರೆ ಬೆರಳುಗಳನ್ನು ಒಂದಾದ ಮೇಲೊಂದು ಬಿಚ್ಚುತ್ತಾ ತಂತಿಗಳ ಮೇಲೆ ಬೀಸುವುದು. ತೆಳುವಾದ "ಟಿಕ್" ಸದ್ದು ಅದರಡಿ ಮುಚ್ಚಿಹೋಗುತ್ತದೆ. ಹಾಗಂತ ಮರ ಕುಟ್ಟುವ "ಟಕ್" ಸದ್ದು ಇಟ್ಟರೆ, ಅದು ನಿಮ್ಮ ಗೋಲ್ಪೆಯ ಹಾಗೇ ಕೇಳಿಸುತ್ತದೆ. ಯಾವುದು ಯಂತ್ರದ್ದು, ಯಾವುದು ನಿಮ್ಮದು ಗೊತ್ತಾಗುವುದಿಲ್ಲ. ಕಲಿಯುವವರಿಗೆ ಚಪ್ಪಾಳೆಯ ಸದ್ದು ಅಥವಾ ದಪ್ಪ ಗಂಟೆಯ ಸದ್ದು ಒಳ್ಳೆಯದು.

ಕೊನೆಗೆ, ಹೊಂದಿಸಿದ್ದನ್ನು ಹೆಸರು ಕೊಟ್ಟು ಉಳಿಸಲು ಬರಬೇಕು. ದಿನಾ ಹನ್ನೆರಡು ಚೌಕ ಒತ್ತುತ್ತಾ ಕೂತರೆ ಅಭ್ಯಾಸಕ್ಕೆ ಕೂರುವ ಮನಸ್ಸೇ ಹೋಗುತ್ತದೆ. ಈ ಅನುಕೂಲಕ್ಕೆ ಆಪ್ ಸ್ವಲ್ಪ ದುಡ್ಡು ಕೇಳಿದರೆ ಕೊಡಿ.

5. ಹೊಂದಿಸುವುದು ಹೀಗೆ

ಆಪ್‌ನಲ್ಲಿ ಹನ್ನೆರಡು ಚೌಕ ಕಾಣುತ್ತಿವೆ ಅಂದುಕೊಳ್ಳಿ.

ಸೊಲೆಯಾ: 3, 6, 8, 10, 12ನೇ ಚೌಕ ಜೋರು, ಉಳಿದದ್ದು ಮೆಲ್ಲಗೆ. ವೇಗ 70ರಿಂದ ಶುರು ಮಾಡಿ. ಬರೀ ಎರಡು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಸಾಕು. ಇ ಕಾರ್ಡ್‌ನಿಂದ ಹೊರಟು 3ಕ್ಕೆ ಎಫ್‌ಗೆ ಹೋಗಿ, 10ಕ್ಕೆ ಇ ಕಾರ್ಡ್‌ಗೆ ಮರಳಿ. 11, 12ರಲ್ಲಿ ತಂತಿ ಮುಟ್ಟದೆ ಗೋಲ್ಪೆ ಮಾತ್ರ.

ಅಲೆಗ್ರಿಯಾಸ್: ಚೌಕಗಳು ಸೊಲೆಯಾದ ಹಾಗೇ. ವೇಗ ಜಾಸ್ತಿ.

ಬುಲೆರಿಯಾ: ಮೊದಲ ಚೌಕವನ್ನು 12 ಅಂತ ಇಟ್ಟುಕೊಳ್ಳಿ. ಆಗ ಒತ್ತು ಬೀಳುವ ಚೌಕಗಳು 1, 4, 7, 9, 11. ಚೌಕದ ಸಂಖ್ಯೆ ಬೇರೆ, ಬಾಯಲ್ಲಿ ಎಣಿಸುವ ಸಂಖ್ಯೆ ಬೇರೆ. ಇಲ್ಲೇ ಎಲ್ಲರೂ ಎಡವುವುದು. ಚೌಕ ನೋಡಬೇಡಿ, ತಕಿಟ ತಕಿಟ ತಕ ತಕ ತಕ ಹೇಳಿ ಸರಿ ಕೂರುತ್ತಾ ಕೇಳಿಕೊಳ್ಳಿ. ವೇಗ 100ರಿಂದ 120 ಇರಲಿ. ಕೇಳಿಸಿಕೊಂಡಿದ್ದು 220ರ ವೇಗದ್ದಾಗಿರುತ್ತದೆ, ಅದೇ ಬೇಕು ಅನ್ನಿಸುತ್ತದೆ. ಅದಕ್ಕೆ ಇನ್ನೂ ಸಮಯ ಇದೆ.

ಸೆಗಿರಿಯಾ: ಮೊದಲ ಚೌಕ 8. ಒತ್ತು 1, 3, 5, 8, 11ನೇ ಚೌಕಗಳಲ್ಲಿ. ಒತ್ತು ಇರುವ ಐದನ್ನು ಬಿಟ್ಟು ಉಳಿದ ಚೌಕಗಳನ್ನೂ ಶುರುವಿನಲ್ಲಿ ಮೆಲ್ಲಗೆ ಕೇಳಿಸಿಕೊಳ್ಳಿ. ಇಲ್ಲದಿದ್ದರೆ ಮೂರರ ತುಂಡುಗಳು ಗಿಡ್ಡವಾಗಿ, ಐದೂ ಸಮ ಆಗಿಬಿಡುತ್ತವೆ. ಆಗ ಸೆಗಿರಿಯಾದ ಜೀವವೇ ಹೋಯಿತು.

ತಾಂಗೋಸ್: ನಾಲ್ಕು ಚೌಕ. ಮೊದಲನೆಯದು ಮೌನ, 2, 3, 4 ಜೋರು. ಚಪ್ಪಾಳೆ ಹಾಕುವವರು ಮೊದಲ ಎಣಿಕೆಯನ್ನು ಕಾಲಿಗೆ ಬಿಟ್ಟು ಮಿಕ್ಕ ಮೂರಕ್ಕೆ ಕೈ ತಟ್ಟುವುದು ರೂಢಿ.

ಹೊಂದಿಸಿದ ಮೇಲೆ ಸೀದಾ ಗಿಟಾರ್ ಎತ್ತಬೇಡಿ. ಮೊದಲು ಚಪ್ಪಾಳೆ. ಆಮೇಲೆ ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿ ಇಟ್ಟು ಸದ್ದಡಗಿಸಿ, ಬಲಗೈ ಒಂದೇ ಆಡಿಸಿ. ಆಮೇಲೆ ಕಾರ್ಡ್. ಫಾಲ್ಸೆತಾ, ಅಂದರೆ ಗಿಟಾರ್ ಒಂಟಿಯಾಗಿ ನುಡಿಸುವ ಸಂಗೀತದ ತುಣುಕು, ಕೊನೆಗೆ ಬರಲಿ.

6. ಕ್ಲಿಕ್ ಕಮ್ಮಿ ಮಾಡುತ್ತಾ ಹೋಗಿ

ಹನ್ನೆರಡೂ ಪೆಟ್ಟನ್ನು ಯಂತ್ರವೇ ಹೇಳುತ್ತಿದ್ದರೆ ಕೊಂಪಾಸ್ ಯಂತ್ರದ್ದು, ನಿಮ್ಮದಲ್ಲ. ಅದಕ್ಕೇ ನಾನು ಮೌನದ ಬಗ್ಗೆ ಅಷ್ಟು ಹೇಳಿದ್ದು. ಈ ಹಂತಕ್ಕೆ ಎಷ್ಟು ತಿಂಗಳು ಕೊಟ್ಟರೂ ನಷ್ಟ ಇಲ್ಲ.

ಮೊದಲು ಒತ್ತು ಇಲ್ಲದ ಏಳು ಚೌಕಗಳನ್ನು ಮೌನ ಮಾಡಿ. ಐದೇ ಪೆಟ್ಟು ಕೇಳುತ್ತದೆ.

ಆಮೇಲೆ ಒತ್ತುಗಳನ್ನೂ ಬಿಟ್ಟು, ಬರೀ ಎರಡೆರಡಕ್ಕೆ ಬನ್ನಿ: 12, 2, 4, 6, 8, 10. ಇದಕ್ಕೆ ಯಾವ ಆಪ್ ಕೂಡ ಬೇಡ, ಅಜ್ಜನ ಕಾಲದ ಲೋಲಕವೂ ನಡೆಯುತ್ತದೆ. 200ರ ಬುಲೆರಿಯಾಕ್ಕೆ ಮೆಟ್ರೊನೋಮ್ 100ಕ್ಕೆ ಇಟ್ಟರೆ ಆಯಿತು. ಈಗ ಗಮನಿಸಿ. 12, 6, 8, 10 ನಾಲ್ಕೂ ಒತ್ತು ಕ್ಲಿಕ್ಕಿನ ಮೇಲೇ ಬೀಳುತ್ತವೆ. 3 ಮಾತ್ರ ಎರಡು ಕ್ಲಿಕ್ಕಿನ ಸರಿ ನಡುವೆ ಬೀಳುತ್ತದೆ. ಆ ಒಂದೇ ಒಂದು ಒತ್ತು ಕ್ಲಿಕ್ಕಿನಿಂದ ಜಾರಿ ನಿಲ್ಲುವ ಕಡೆ ಬುಲೆರಿಯಾದ ಎಳೆತ ಇದೆ. ಮೊದಮೊದಲು ಕೈ ಆ 3ನ್ನು ಹಿಂದಿನ ಅಥವಾ ಮುಂದಿನ ಕ್ಲಿಕ್ಕಿಗೆ ಎಳೆದುಕೊಳ್ಳುತ್ತದೆ. ಬಿಡಬೇಡಿ. ಬರೀ ಗೋಲ್ಪೆಯಲ್ಲಿ, ದಿನಕ್ಕೆ ಹತ್ತು ನಿಮಿಷ, 3ನ್ನು ನಡುವೆ ಇಡುವುದನ್ನೇ ಮಾಡಿ. ಸೆಗಿರಿಯಾಕ್ಕೂ ಇದೇ ಆರು ಕ್ಲಿಕ್ ಸಾಕು, ಅಲ್ಲೂ 3 ಒಂದೇ ನಡುವೆ ಬೀಳುವುದು.

ಅದಾದ ಮೇಲೆ 12 ಒಂದನ್ನೇ ಉಳಿಸಿ. ಇಡೀ ಆವರ್ತಕ್ಕೆ ಒಂದೇ ಪೆಟ್ಟು. ಆ ಪೆಟ್ಟಿಗೆ ಸರಿಯಾಗಿ ಗೋಲ್ಪೆ ಹಾಕಿ. ನೀವು ತಕ್ಕ ಹೊತ್ತಿಗೆ ಬಂದಿದ್ದರೆ ಕ್ಲಿಕ್ ಕೇಳಿಸುವುದೇ ಇಲ್ಲ, ಗೋಲ್ಪೆ ಅದನ್ನು ಮುಚ್ಚಿರುತ್ತದೆ. ಎರಡೂ ಬೇರೆ ಬೇರೆ ಕೇಳಿಸಿದರೆ ಮುಂಚೆಯೋ ತಡವೋ ಆಗಿದೆ. ಈ ಪರೀಕ್ಷೆಗೆ ಮಾತ್ರ ಕ್ಲಿಕ್ಕಿನ ಸದ್ದನ್ನು ಮರದ "ಟಕ್"ಗೆ ಬದಲಾಯಿಸಿಕೊಳ್ಳಿ.

ಕೊನೆಗೆ ಪೂರ್ತಿ ಮೌನದ ಆವರ್ತ. ಎರಡು ಆವರ್ತ ಸದ್ದು, ಒಂದು ಆವರ್ತ ಮೌನ. ಕೆಲವು ಆಪ್‌ಗಳಲ್ಲಿ ಇದಕ್ಕೆ ಸೌಲಭ್ಯ ಇದೆ. ಇಲ್ಲದಿದ್ದರೆ ಮನೆಯಲ್ಲಿ ಯಾರಿಗಾದರೂ ವಾಲ್ಯೂಮ್ ಇಳಿಸಿ ಏರಿಸಲು ಹೇಳಿ. ಸದ್ದು ಮರಳಿದಾಗ ನೀವು ಎಲ್ಲಿದ್ದೀರಿ ನೋಡಿ.

ಹೆಚ್ಚಿನವರು ಮುಂದೆ ಓಡಿರುತ್ತಾರೆ. ಅದೂ 11, 12ರಲ್ಲಿ. 10ಕ್ಕೆ ಕಾರ್ಡ್ ಬಾರಿಸಿ ಆಯಿತು, ಕೈಗೆ ಕೆಲಸ ಇಲ್ಲ, ಸುಮ್ನೆ ಕಾಯಬೇಕು. ಕಾಯಲಾರದ ಕೈ ಬೇಗ 1ಕ್ಕೆ ಹಾರುತ್ತದೆ. ಆ ಎರಡು ಎಣಿಕೆಯನ್ನು ಬಾಯಿಬಿಟ್ಟು ಜೋರಾಗಿ ಹೇಳಿ, "ಉನ್, ದೋಸ್". ಒಂದು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

7. ಎಡವುವ ಜಾಗಗಳು

ಬ್ಲೂಟೂತ್ ಇಯರ್‌ಫೋನ್: ಸದ್ದು ತಡವಾಗಿ ಕಿವಿಗೆ ಬರುತ್ತದೆ. ಪೆಟ್ಟು ಪೆಟ್ಟಿನ ನಡುವಿನ ಅಂತರ ಸರಿಯಾಗೇ ಇರುವುದರಿಂದ ಬರೀ ಕೇಳಿ ನುಡಿಸಲು ತೊಂದರೆ ಇಲ್ಲ. ಆದರೆ ಪರದೆಯಲ್ಲಿ ಓಡುವ ಗಡಿಯಾರದ ಮುಳ್ಳು ನೋಡುತ್ತಾ ನುಡಿಸಿದರೆ ಕಣ್ಣೊಂದು ಹೇಳುತ್ತದೆ, ಕಿವಿಯೊಂದು. 200ರ ವೇಗದಲ್ಲಿ ಎರಡು ಪೆಟ್ಟಿನ ನಡುವೆ ಇರುವುದೇ 0.3 ಸೆಕೆಂಡ್. ಧ್ವನಿ ಮುದ್ರಿಸಿಕೊಳ್ಳುವಾಗಲೂ ಎಡವಟ್ಟಾಗುತ್ತದೆ. ವೈರ್ ಇರುವುದನ್ನೇ ಬಳಸಿ, ಒಂದೇ ಕಿವಿಗೆ ಹಾಕಿ.

ಫೋನ್: ಬ್ಯಾಟರಿ ಉಳಿಸುವ ವ್ಯವಸ್ಥೆ ಕೆಲವೊಮ್ಮೆ ಆಪ್ ಅನ್ನು ನಡುವೆ ನಿಲ್ಲಿಸಿಬಿಡುತ್ತದೆ. ಅದನ್ನು ಆಫ್ ಮಾಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ ಕೂರಿ.

ವೇಗ ಏರಿಸುವುದು: ಒಂದು ಸಲಕ್ಕೆ 4 ಸಾಕು. ತಪ್ಪಿಲ್ಲದೆ ಐದು ಆವರ್ತ ಬಂದ ಮೇಲೆ ಮಾತ್ರ. ವಾರಕ್ಕೊಮ್ಮೆ ಬೇಕೆಂದೇ ಬಹಳ ನಿಧಾನ ಮಾಡಿ, ಸೊಲೆಯಾವನ್ನು 50ರಲ್ಲಿ ನುಡಿಸಿ. ನಿಧಾನದಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ.

ಕಾಲು: ಕ್ಲಿಕ್ ಇದ್ದಾಗ ಕಾಲು ತಟ್ಟುವುದನ್ನು ಮರೆಯುತ್ತೇವೆ. ಯಂತ್ರ ನಿಂತ ಮೇಲೆ ಉಳಿಯುವುದು ಕಾಲು ಒಂದೇ. ಮೊದಲ ದಿನದಿಂದ ತಟ್ಟಿ.

8. ಯಂತ್ರದಿಂದ ಕೈ ಚಪ್ಪಾಳೆಗೆ

ಮೆಟ್ರೊನೋಮಿನ ಪೆಟ್ಟು ಒಂದೇ ಸಮ. ಮನುಷ್ಯರ ಪಾಲ್ಮಾಸ್ ಹಾಗಲ್ಲ. ಒಬ್ಬರು ಅಂಗೈ ಬಟ್ಟಲು ಮಾಡಿ ಮಂದವಾಗಿ ತಟ್ಟುತ್ತಾರೆ, ಅದು 'ಪಾಲ್ಮಾಸ್ ಸೋರ್ದಾಸ್'. ಇನ್ನೊಬ್ಬರು ಬೆರಳುಗಳನ್ನು ಅಂಗೈಗೆ ಬಡಿದು ಚುರುಕಾಗಿ ತಟ್ಟುತ್ತಾರೆ, ಅದು 'ಕ್ಲಾರಾಸ್'. ಎಣಿಕೆಗಳ ನಡುವೆ ಬೀಳುವ ಎದುರು ಪೆಟ್ಟೂ ಇರುತ್ತದೆ. ಅದಕ್ಕೆ 'ಕೊಂತ್ರಾತಿಯೆಂಪೊ' ಎಂದು ಹೆಸರು. ಶುರುವಿನಲ್ಲೇ ಇದಕ್ಕೆ ಕೂತರೆ ಎದುರು ಪೆಟ್ಟನ್ನೇ ಮುಖ್ಯ ಪೆಟ್ಟು ಅಂದುಕೊಂಡು ತಿರುಗಾಮುರುಗಾ ನುಡಿಸುತ್ತೀರಿ. ತಪ್ಪಾಗಿದೆ ಅಂತಲೂ ಗೊತ್ತಾಗುವುದಿಲ್ಲ. ಆರನೇ ಹಂತ ಮುಗಿಸಿದವರಿಗೆ ಆ ಭಯ ಇಲ್ಲ.

ಈ ಹೊತ್ತಿಗೆ ಹೆರೆಸ್‌ನ ಗಿಟಾರ್ ವಾದಕ ಮೊರಾಯಿತೋ ಚೀಕೋ ಅವರ ಬುಲೆರಿಯಾ ಹುಡುಕಿ ಕೇಳಿ. ಗಿಟಾರ್ ಕೆಳಗಿಟ್ಟು, ಬರೀ ಚಪ್ಪಾಳೆ ಹಾಕುತ್ತಾ ಕೇಳಿ. ಅವರು ಎಷ್ಟು ಕಡೆ ಏನೂ ನುಡಿಸದೆ ಬಿಡುತ್ತಾರೆ ಅನ್ನುವುದನ್ನು ಲೆಕ್ಕ ಹಾಕಿ.

ಹಾಡುವವರ ಅಥವಾ ನರ್ತಕರ ಜೊತೆ ಕೂರುವ ದಿನ ಮೆಟ್ರೊನೋಮ್ ಮನೆಯಲ್ಲೇ ಇರಲಿ. ಹಾಡುವವರು ಉಸಿರಿಗೆ ತಕ್ಕ ಹಾಗೆ ಸ್ವಲ್ಪ ಹಿಗ್ಗಿಸುತ್ತಾರೆ, ನರ್ತಕರು ಕಾಲುಕೆಲಸದಲ್ಲಿ ವೇಗ ಏರಿಸುತ್ತಾರೆ. ನೀವು ಅವರ ಬಾಯಿ, ಅವರ ಕಾಲು ನೋಡಿ ನುಡಿಸಬೇಕು. ಆವತ್ತು ಫೋನನ್ನು ಮುದ್ರಿಸಿಕೊಳ್ಳಲು ಇಟ್ಟಿರಿ. ಮನೆಗೆ ಬಂದು ಕೇಳುವಾಗ ಮೊದಲು 11, 12ರ ಜಾಗವನ್ನೇ ಕೇಳಿ.